ಎಂಡೋಸ್ಕೋಪಿ ಪೈಪ್ ಬಗ್ಗೆ ಬರುವ ಫಾರ್ವರ್ಡ್: ಸತ್ಯಾಂಶ

ತುಮಕೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಬರುವ ಮಾತಿದು: ಎಂಡೋಸ್ಕೋಪಿ ಪೈಪನ್ನು ಸುಮ್ನೆ ನೀರಲ್ಲಿ ತೊಳೆದು ಮುಂದಿನವರಿಗೆ ಹಾಕ್ತಾರೆ, ಮಾಡಿಸಬೇಡಿ.

ದೇಹದ ಒಳಭಾಗ ನೋಡಲು ಒಳಗೆ ಇಳಿಸುವ ಈ ಪೈಪನ್ನು, ಅಂದರೆ ಸ್ಕೋಪನ್ನು, ಮತ್ತೆ ಬಳಸುವುದು ನಿಜ. ‘ಸುಮ್ನೆ ತೊಳೆದು’ ಎಂಬುದು ತಪ್ಪು. ಪ್ರತಿ ಬಳಕೆಯ ನಂತರ ಸ್ಕೋಪಿಗೆ ಗಾಳಿ ತುಂಬಿ, ನೀರಲ್ಲಿ ಮುಳುಗಿಸಿ ನೋಡಬೇಕು, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವ ಹಾಗೆ. ಇದೇ ಲೀಕ್ ಟೆಸ್ಟ್. ಗುಳ್ಳೆ ಬಂದರೆ ಎಲ್ಲೋ ತೂತಿದೆ. ಅದು ರಿಪೇರಿಗೆ ಹೋಗಬೇಕು. ಸರಿಯಿದ್ದರೆ ಒಳನಾಳಕ್ಕೆ ಬ್ರಷ್ ಹಾಕಿ ಉಜ್ಜಿ, ರೋಗಾಣು ಕೊಲ್ಲುವ ದ್ರಾವಣದಲ್ಲಿ ನೆನೆಸಿ, ಒಣಗಿಸುತ್ತಾರೆ. ಒಳಗಿನ ಗೀರಿನಲ್ಲಿ ಕೊಳೆ ಕೂತರೆ ದ್ರಾವಣವೂ ಸರಿಯಾಗಿ ತಲುಪುವುದಿಲ್ಲ. ಹಂತ ತಪ್ಪಿದರೆ ಸೋಂಕು ಆಗಬಹುದು, ಹಾಗಾಗಿ ಜನರ ಭಯ ಸಹಜವೇ ಅಲ್ವಾ.

ಮೆಸೇಜಿನಲ್ಲಿ ತಾರೀಖು, ಮೂಲ ಇದೆಯಾ ನೋಡಿ. ಆಸ್ಪತ್ರೆಯಲ್ಲೇ ಕೇಳಿ: “ಲೀಕ್ ಟೆಸ್ಟ್ ಮಾಡಿದ್ದೀರಾ? ರಿಜಿಸ್ಟರಿನಲ್ಲಿ ಬರೆದಿದೆಯಾ?” ಸಂಕೋಚ ಬೇಡ.