ಸಿಪ್ಪೆ ಚಟ್ನಿ ಮತ್ತು ಒರಗುಕುರ್ಚಿ

ಹೀರೇಕಾಯಿ ಹೆರೆದು ಸಿಪ್ಪೆ ಬಿಸಾಡುವ ಮನೆಗೆ ನಮ್ಮ ಕಡೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಸಿಪ್ಪೆ ಚಟ್ನಿಯಾಗಬೇಕು. ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನದ ವೇಷ ಹಾಕಬೇಕು, ಹುಳಿ ಜಾಸ್ತಿಯಾದ ದೋಸೆಹಿಟ್ಟು ಗುಳಿಯಪ್ಪವಾಗಿ ಪುನರ್ಜನ್ಮ ಪಡೆಯಬೇಕು, ಹುರುಳಿ ಬೇಯಿಸಿದ ನೀರು ಕಟ್ಟಿನ ಸಾರಾಗಬೇಕು. ಕರಾವಳಿಯವರಂತೂ ಕಲ್ಲಂಗಡಿ ತಿಂದು ಅದರ ಬಿಳಿ ತಿರುಳನ್ನೂ ಬಿಡದೆ ದೋಸೆ ಹುಯ್ಯುತ್ತಾರೆ. ಸೊಪ್ಪಿನವನ ಹತ್ತಿರ ಹತ್ತು ರೂಪಾಯಿಯ ಮೆಂತ್ಯ ಕೊಂಡು, ಐದು ನಿಮಿಷ ವಾದ ಮಾಡಿ, ಕೊನೆಗೆ ಒಂದು ಹಿಡಿ ಕರಿಬೇವು ಪುಕ್ಕಟೆ ಎತ್ತಿಕೊಂಡು ಬರುವುದು ಉಳಿತಾಯ ಮಾತ್ರ ಅಲ್ಲ, ಮಾನದ ಪ್ರಶ್ನೆ.

ಇಂಥ ಮನೆಗಳಲ್ಲಿ ಹಾಲಿನ ದರ ಏರಿದ ದಿನ ಸೂತಕ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿ.ಲೀ. ಹಾಲು ಹೆಚ್ಚಿಗೆ ತುಂಬಿಸಿ 2 ರೂಪಾಯಿ ಜಾಸ್ತಿ ಮಾಡಿದಾಗ, "ನಮಗೆ ಆ ಐವತ್ತು ಬೇಡವೇ ಬೇಡ, ಹಳೇ ರೇಟಿಗೆ ಹಳೇ ಹಾಲು ಕೊಡಿ" ಎಂದು ನಮ್ಮಕ್ಕ ಬೂತಿನವನ ಜೊತೆ ಜಗಳಕ್ಕೆ ನಿಂತಿದ್ದಳು. 2025ರ ಏಪ್ರಿಲ್ ಒಂದನೇ ತಾರೀಖು ಲೀಟರಿಗೆ 4 ರೂಪಾಯಿ ಏರಿತು, ಹೆಚ್ಚಿಗೆ ಬರುತ್ತಿದ್ದ ಐವತ್ತೂ ಹೋಯಿತು. ಅಂದಿನಿಂದ ಅಕ್ಕನ ಮನೆಯಲ್ಲಿ ಸಂಜೆಯ ಕಾಫಿ ರದ್ದು. ಬಂದ ನೆಂಟರಿಗೆ ಬೆಲ್ಲ-ನೀರು ಕೊಟ್ಟು, "ಆರೋಗ್ಯಕ್ಕೆ ಒಳ್ಳೇದು" ಎಂಬ ಮಾತನ್ನೂ ಜೊತೆಗೆ ಕೊಡುತ್ತಾಳೆ. ಮಾತಿಗೆ ಇನ್ನೂ ದರ ಏರಿಲ್ಲ.

ಭಾವನೂ ಇದಕ್ಕೆ ಕಡಿಮೆಯಿಲ್ಲ. ಒಗ್ಗರಣೆಗೆ ಎಣ್ಣೆ ಎಷ್ಟು ಸುರಿದರು ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಲೆಕ್ಕ ಹಾಕುವ ಮನುಷ್ಯ. ನೂರು ರೂಪಾಯಿಯಲ್ಲಿ ನಾಲ್ಕು ಜನರ ಊಟ ಮಾಡಿ ತೋರಿಸುವ ವಿಡಿಯೋಗಳನ್ನು ರಾತ್ರಿಯಿಡೀ ನೋಡುತ್ತಾರೆ. ಆ ವಿಡಿಯೋದಲ್ಲಿ ಅಡುಗೆ ನೂರು ರೂಪಾಯಿಯದ್ದು, ಬಾಣಲೆ ಮೂರು ಸಾವಿರದ್ದು. ಅದನ್ನು ನೋಡಿಯೇ ಎಣ್ಣೆ ಉಳಿಸಲು ಏರ್ ಫ್ರೈಯರ್ ತಂದರು. ಅದರ ದುಡ್ಡು ಎಣ್ಣೆಯ ಉಳಿತಾಯದಲ್ಲಿ ಹುಟ್ಟಬೇಕಾದರೆ ದಂಪತಿಗಳು ಇನ್ನೂ ಒಂದು ಜನ್ಮ ಹಪ್ಪಳ ತಿನ್ನಬೇಕು. ಸದ್ಯ ಅದರೊಳಗೆ ಈರುಳ್ಳಿ ಇಟ್ಟಿದ್ದಾರೆ.

ಹೀಗೆ ಸೋಮವಾರದಿಂದ ಶುಕ್ರವಾರದವರೆಗೆ ಸಾಸಿವೆ ಎಣಿಸಿ ಒಗ್ಗರಣೆ ಹಾಕುವ ಕುಟುಂಬ ಶನಿವಾರ ಸಂಜೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಮಾಲ್‌ಗೆ ಹೊರಡುತ್ತದೆ. ನಾಲ್ಕು ಟಿಕೆಟ್ಟು, ಆನ್‌ಲೈನ್‌ನಲ್ಲಿ ಬುಕ್ ಮಾಡಿದ್ದಕ್ಕೆ ಕನ್ವೀನಿಯನ್ಸ್ ಫೀ, ಆ ಫೀ ಮೇಲೆ ಜಿಎಸ್‌ಟಿ, ಪಾರ್ಕಿಂಗ್, ಒಂದು ಟಬ್ ಪಾಪ್‌ಕಾರ್ನ್, ಮಂಜುಗಡ್ಡೆಯೇ ಮುಕ್ಕಾಲು ಭಾಗವಿರುವ ಎರಡು ಲೋಟ ಕೋಲಾ. ಎಲ್ಲ ಸೇರಿ ಮೂರು ಸಾವಿರದ ಚಿಲ್ಲರೆ. ಗೃಹಲಕ್ಷ್ಮಿಯ 2,000 ರೂಪಾಯಿ ಇಂಟರ್ವಲ್‌ವರೆಗೂ ಬರುವುದಿಲ್ಲ. ಸೊಪ್ಪಿನವನಿಗೆ ಎರಡು ರೂಪಾಯಿ ಬಿಟ್ಟುಕೊಡದ ಭಾವ ಇಲ್ಲಿ ಕೌಂಟರಿನ ಹುಡುಗ "ಸರ್, ಇನ್ನು ಐವತ್ತು ಕೊಟ್ರೆ ಲಾರ್ಜ್ ಸಿಗತ್ತೆ" ಎಂದೊಡನೆ "ಹಾಗಾದ್ರೆ ಲಾರ್ಜೇ ಕೊಡಪ್ಪ, ಉಳಿತಾಯ ಆಯ್ತಲ್ಲ" ಎನ್ನುತ್ತಾರೆ.

ಬಾಗಿಲಲ್ಲಿ ತಪಾಸಣೆ ಬೇರೆ. ಲೋಹಶೋಧಕ ಯಂತ್ರ ಬೀಗದ ಕೈಗೂ ಮೊಬೈಲಿಗೂ ಒಂದೇ ರಾಗದಲ್ಲಿ ಕೂಗುತ್ತದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಕ್ಕನ ಬ್ಯಾಗಿನ ತಳದಲ್ಲಿ, ಕರ್ಚೀಫಿನ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ನಿಪ್ಪಟ್ಟು ಮಾತ್ರ ಸೆಕ್ಯುರಿಟಿಯವನ ಮೂಗಿಗೆ ತಕ್ಷಣ ಬಡಿಯುತ್ತದೆ. ದೇಶದ ಗಡಿಯಲ್ಲಿ ಇಂಥ ಮೂಗುಗಳಿದ್ದರೆ ಎಷ್ಟೋ ಸಮಸ್ಯೆ ಬಗೆಹರಿಯುತ್ತಿತ್ತು.

ನಿಪ್ಪಟ್ಟಿನ ಪರವಾಗಿ ನ್ಯಾಯ ಕೇಳುವಂತಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ: ಚಿತ್ರಮಂದಿರ ಮಾಲೀಕನ ಆಸ್ತಿ, ಹೊರಗಿನ ತಿಂಡಿ ಬೇಡ ಎನ್ನುವ ಹಕ್ಕು ಅವನಿಗಿದೆ, ಕುಡಿಯುವ ನೀರು ಮಾತ್ರ ಪುಕ್ಕಟೆ ಕೊಡಬೇಕು. ಪಾಪ್‌ಕಾರ್ನ್ ಕೊಳ್ಳಿ ಎಂದು ಯಾರೂ ಬಲವಂತ ಮಾಡುವುದಿಲ್ಲ ಎಂಬ ಮಾತೂ ಅಂದು ಪೀಠದಿಂದ ಬಂತು. ಜಿಲೇಬಿ ತಿಂದ ಅಂಟುಗೈಯನ್ನು ಸೀಟಿಗೆ ಒರೆಸಿದರೆ ತೊಳೆಯುವವರು ಯಾರು ಎಂಬ ಚಿಂತೆಯೂ ವ್ಯಕ್ತವಾಯಿತು. ಒಪ್ಪತಕ್ಕದ್ದೇ. ಕ್ಯಾರಮೆಲ್ ಪಾಪ್‌ಕಾರ್ನ್ ತಿಂದವರು ಕೈಯನ್ನು ಎಲ್ಲಿ ಒರೆಸುತ್ತಾರೆ ಎಂಬುದು ಬೇರೆ ಪೀಠದ ವಿಚಾರವಿರಬಹುದು.

ಆ ಕ್ಯಾರಮೆಲ್ ವಿಷಯವನ್ನು ಜಿಎಸ್‌ಟಿ ಮಂಡಳಿ ಕೈಗೆತ್ತಿಕೊಂಡದ್ದು 2024ರ ಡಿಸೆಂಬರ್‌ನಲ್ಲಿ, ಜೈಸಲ್ಮೇರ್‌ನಲ್ಲಿ. ದೇಶದ ಹಣಕಾಸು ಸಚಿವರೆಲ್ಲ ಮರುಭೂಮಿಯ ನಡುವೆ ಕೂತು ಕೊಟ್ಟ ವಿವರಣೆ ಹೀಗಿತ್ತು: ಉಪ್ಪು-ಖಾರ ಹಚ್ಚಿ ಬಿಡಿಯಾಗಿ ಮಾರಿದರೆ ಶೇ 5, ಅದನ್ನೇ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದರೆ ಶೇ 12, ಸಕ್ಕರೆ ಪಾಕ ಹತ್ತಿದರೆ ಅದು ಮಿಠಾಯಿ, ಆದ್ದರಿಂದ ಶೇ 18. ಒಂದೇ ಕಾಳು, ಒಂದೇ ಬಾಣಲೆ, ಆಗ ಮೂರು ತೆರಿಗೆ. ನಮ್ಮಕ್ಕನ ಚಿತ್ರಾನ್ನಕ್ಕೆ ಈ ಸಿದ್ಧಾಂತ ಬರದಿದ್ದರೆ ಸಾಕು. ನಿಂಬೆಹುಳಿ ಹಿಂಡಿದರೆ ಒಂದು ದರ, ಮಾವಿನಕಾಯಿ ತುರಿದರೆ ಇನ್ನೊಂದು, ಕಡಲೆಕಾಯಿ ಬೀಜ ಬಿದ್ದರೆ ಐಷಾರಾಮಿ ವಸ್ತು.

ಇನ್ನು ಟಿಕೆಟ್ಟಿನ ದರ. 2017ರ ಬಜೆಟ್‌ನಲ್ಲಿ ಸಿದ್ದರಾಮಯ್ಯನವರು ಮಲ್ಟಿಪ್ಲೆಕ್ಸ್ ಟಿಕೆಟ್ 200 ರೂಪಾಯಿ ದಾಟಬಾರದು ಎಂದರು. 2025ರ ಬಜೆಟ್‌ನಲ್ಲಿ ಸಿದ್ದರಾಮಯ್ಯನವರು ಮಲ್ಟಿಪ್ಲೆಕ್ಸ್ ಟಿಕೆಟ್ 200 ರೂಪಾಯಿ ದಾಟಬಾರದು ಎಂದರು. ಎಂಟು ವರ್ಷದಲ್ಲಿ ಹಾಲು, ಬೇಳೆ, ಕಾಫಿಪುಡಿ ಎಲ್ಲವೂ ಏರಿತು. ಏರದೆ ನಿಂತದ್ದು ಈ ಭರವಸೆಯ ಬೆಲೆ ಒಂದೇ.

ಸೆಪ್ಟೆಂಬರ್ 12ಕ್ಕೆ ನಿಯಮವೂ ಬಂತು. 200 ಎಂದರೆ ತೆರಿಗೆ ಬಿಟ್ಟು 200. ನೂರು ದಾಟಿದ ಟಿಕೆಟ್ಟಿಗೆ ಶೇ 18 ಜಿಎಸ್‌ಟಿ ಸೇರಿಸಿದರೆ 236. ಇರಲಿ ಎಂದುಕೊಂಡರೆ ಅದರಲ್ಲೊಂದು ಕಿಂಡಿ: 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ಮಿತಿ ಅನ್ವಯಿಸದು. ಅಂದರೆ ಜನಸಾಮಾನ್ಯರ ಹಿತಕ್ಕೆ ತಂದ ನಿಯಮದಲ್ಲಿ ಮೊದಲು ರಿಯಾಯಿತಿ ಸಿಕ್ಕಿದ್ದು ಒರಗುಕುರ್ಚಿಗೆ. ಭಾವ ಪತ್ರಿಕೆ ಮಡಚಿಟ್ಟು, "ಇನ್ಮೇಲೆ ತಿಂಗಳಿಗೆ ಎರಡು ಸಿನಿಮಾ" ಎಂದು ಘೋಷಿಸಿದರು. ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಅಕ್ಟೋಬರ್ 2ಕ್ಕೆ 'ಕಾಂತಾರ ಚಾಪ್ಟರ್ 1' ತೆರೆಗೆ ಬಂತು, ಬೆಂಗಳೂರಿನ ಕೆಲವು ಪ್ರೀಮಿಯಂ ಪರದೆಗಳಲ್ಲಿ ಟಿಕೆಟ್ಟು ಸಾವಿರ ದಾಟಿತು. ಹನ್ನೊಂದೇ ದಿನ ಬಾಳಿದ ನಿಯಮಕ್ಕೆ ವೈಕುಂಠ ಸಮಾರಾಧನೆಯಾದರೂ ಆಗಿದೆಯೋ ಇಲ್ಲವೋ.

ಮೇಲ್ಮನವಿಯಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಮಾರಿದ ಪ್ರತಿ ಟಿಕೆಟ್ಟಿನ ಲೆಕ್ಕ ಇಡಿ, ಮುಂದೆ ಸರ್ಕಾರ ಗೆದ್ದರೆ ಜನರಿಗೆ ಹಣ ಹಿಂದಿರುಗಿಸಬೇಕಾದೀತು ಎಂದು ಮಲ್ಟಿಪ್ಲೆಕ್ಸುಗಳಿಗೆ ಹೇಳಿತು. ಅದನ್ನು ಕೇಳಿದ್ದೇ ತಡ, ಭಾವ ಹರಿದ ಟಿಕೆಟ್ಟಿನ ಚೂರುಗಳನ್ನೆಲ್ಲ ಹುಡುಕಿ, ಎಲ್‌ಐಸಿ ಬಾಂಡ್ ಇಡುವ ಫೈಲಿನಲ್ಲಿ ಜೋಪಾನ ಮಾಡಿದರು. ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಆ ಷರತ್ತುಗಳಿಗೂ ತಡೆ ಹಾಕಿತು. ಅದೇ ವಿಚಾರಣೆಯಲ್ಲಿ ನ್ಯಾಯಮೂರ್ತಿಗಳೇ ನೀರಿನ ಬಾಟಲಿಗೆ 100, ಕಾಫಿಗೆ 700 ರೂಪಾಯಿಯೇ ಎಂದು ಅಚ್ಚರಿಪಟ್ಟರು, ಹೀಗಾದರೆ ಹಾಲ್‌ಗಳು ಖಾಲಿಯಾಗುತ್ತವೆ ಎಂದರು. ತಾಜ್ ಹೋಟೆಲಿನಲ್ಲಿ ಕಾಫಿಗೆ ಸಾವಿರ ಕೊಡುತ್ತಾರಲ್ಲ, ಅದಕ್ಕೂ ದರ ನಿಗದಿ ಮಾಡುತ್ತೀರಾ ಎಂಬುದು ವಕೀಲರ ಉತ್ತರ. ತಾಜ್‌ನಲ್ಲಿ ಕಾಫಿ ಕುಡಿಯುವವರು ಕತ್ತಲೆಯಲ್ಲಿ ಕುಡಿಯುವುದಿಲ್ಲ ಎಂಬ ವ್ಯತ್ಯಾಸ ಯಾರಿಗೂ ಹೊಳೆಯಲಿಲ್ಲ.

700 ರೂಪಾಯಿಗೆ ಇಂದಿರಾ ಕ್ಯಾಂಟೀನ್ ಆರಂಭವಾದಾಗಿನ ದರದಲ್ಲಿ, ಅಂದರೆ ಊಟಕ್ಕೆ ಹತ್ತರಂತೆ, ಎಪ್ಪತ್ತು ಊಟ.

ಜನ ಇಷ್ಟೆಲ್ಲ ತೆತ್ತು ಸುಮ್ಮನಿರುತ್ತಾರೆಯೇ? ಇಲ್ಲ, ಸಿನಿಮಾವನ್ನು ಹೊಗಳುತ್ತಾರೆ! ಹಿಂದೆ ಮೆಜೆಸ್ಟಿಕ್ಕಿನ ಥಿಯೇಟರಿನಲ್ಲಿ ಬಾಲ್ಕನಿ ಟಿಕೆಟ್ಟು ತೆಗೆದು, ಇಂಟರ್ವಲ್ಲಿನಲ್ಲಿ ಸಮೋಸ ತಿಂದು ಬಂದವರು ಸಿನಿಮಾ ಕೆಟ್ಟದಾಗಿದ್ದರೆ ಗೇಟಿನಲ್ಲೇ ನಿಂತು ನಿರ್ದೇಶಕನ ವಂಶ ಜಾಲಾಡುತ್ತಿದ್ದರು. ಮುಂದಿನ ಆಟಕ್ಕೆ ಸಾಲಿನಲ್ಲಿ ನಿಂತವರನ್ನು "ಹೋಗ್ರೀ ಮನೆಗೆ" ಎಂದು ಓಡಿಸುವ ಧೈರ್ಯ ಆ ಟಿಕೆಟ್ಟಿಗಿತ್ತು. ಈಗ ಅಭಿಪ್ರಾಯ ಪರದೆಯಿಂದ ಹುಟ್ಟುವುದಿಲ್ಲ, ಬಿಲ್ಲಿನಿಂದ ಹುಟ್ಟುತ್ತದೆ. ನೂರೈವತ್ತು ಕೊಟ್ಟವನು ಸಲೀಸಾಗಿ "ಡಬ್ಬಾ" ಎನ್ನುತ್ತಾನೆ. ಮುನ್ನೂರು ಕೊಟ್ಟವನಿಗೆ "ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್". ಐನೂರು ದಾಟಿತೋ, ಕಥೆಯ ಸುದ್ದಿಯೇ ಬರುವುದಿಲ್ಲ, ಕ್ಯಾಮೆರಾ ವರ್ಕ್ ಮತ್ತು ಬಿಜಿಎಂ ಮುಂದೆ ಬರುತ್ತವೆ. ಸಾವಿರಕ್ಕೆ ಅದು ಸಿನಿಮಾ ಆಗಿಯೇ ಉಳಿಯುವುದಿಲ್ಲ, "ಎಕ್ಸ್‌ಪೀರಿಯೆನ್ಸ್" ಆಗುತ್ತದೆ, "ದೊಡ್ಡ ಪರದೇಲೇ ನೋಡ್ಬೇಕು" ಎಂಬ ಉಪದೇಶ ಶುರುವಾಗುತ್ತದೆ. ನಾಲ್ಕು ಸಾವಿರ ಕಳೆದುಕೊಂಡವನು ಒಬ್ಬನೇ ಕಳೆದುಕೊಂಡಿರಲಾರ, ಅಕ್ಕಪಕ್ಕದವರನ್ನೂ ಕಳಿಸುತ್ತಾನೆ.

ಈ ಕೋಷ್ಟಕಕ್ಕೆ ಸಿಗದ ಸಿನಿಮಾಗಳೂ ಇವೆ, ಸುಳ್ಳು ಹೇಳಬಾರದು. 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ'ದಲ್ಲಿ ದೊಡ್ಡ ಸ್ಟಾರ್ ಇರಲಿಲ್ಲ, ದೊಡ್ಡ ಬಜೆಟ್ಟೂ ಇರಲಿಲ್ಲ, ಕರಾವಳಿಯ ಒಂದು ಊರಿತ್ತು ಅಷ್ಟೆ. ಜನ ನಕ್ಕರು, ಮರುದಿನ ಅಮ್ಮ-ಅಜ್ಜಿಯನ್ನು ಕರೆದುಕೊಂಡು ಹೋಗಿ ಮತ್ತೆ ನಕ್ಕರು. ಭಾವ ಮಾತ್ರ "ಅದಕ್ಕೆಲ್ಲ ಥಿಯೇಟರ್ ಬೇಕಾ? ಫೋನಲ್ಲಿ ಬರತ್ತೆ" ಎಂದು ಬಿಟ್ಟುಬಿಟ್ಟರು. ಅವರ ಪ್ರಕಾರ ದುಡ್ಡು ಕೊಟ್ಟು ನೋಡುವ ಸಿನಿಮಾದಲ್ಲಿ ಧೂಳು ಏಳಬೇಕು, ಗಡ್ಡವಿರಬೇಕು, ಕೊಡಲಿಯೊಂದು ನಿಧಾನವಾಗಿ ಗಾಳಿಯಲ್ಲಿ ತಿರುಗಬೇಕು, ಮುಗಿಯುವಾಗ ಎರಡನೇ ಭಾಗ ಬರುವುದಾಗಿ ಬೆದರಿಕೆ ಇರಬೇಕು.

ಸಿನಿಮಾ ಬಿಟ್ಟು ಕಾಳಿನ ವಿಷಯಕ್ಕೆ ಬಂದರೆ, ಅದೇ ನವೆಂಬರ್‌ನಲ್ಲಿ, ದೆಹಲಿಯಲ್ಲಿ ಕಾಫಿಯ ಬೆಲೆ ಚರ್ಚೆಯಾದ ತಿಂಗಳಲ್ಲೇ, ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಗೋವಿನಜೋಳದ ಖರೀದಿ ಕೇಂದ್ರ ತೆರೆಯಿರಿ ಎಂದು ಧರಣಿ ಕೂತಿದ್ದರು. ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು 1,600-1,800ರ ಆಸುಪಾಸು. ಕಿಲೋಗೆ ಹದಿನಾರೋ ಹದಿನೆಂಟೋ. ಪಾಪ್‌ಕಾರ್ನಿನದು ಬೇರೆ ತಳಿ, ಎಲ್ಲ ಗೋವಿನಜೋಳವೂ ಅರಳುವುದಿಲ್ಲ, ಗೊತ್ತಿದೆ. ಆದರೂ ಹಿಡಿ ಕಾಳನ್ನು ಬಿಸಿ ಮಾಡಿದ್ದಕ್ಕೆ ಐನೂರು ಕೊಡುವ ದೇಶದಲ್ಲಿ, ಒಂದು ಕ್ವಿಂಟಲ್ ಬೆಳೆದವನ ಕೈಗೆ ಬರುವುದು ಹೆಚ್ಚುಕಡಿಮೆ ಮೂರೂವರೆ ಟಬ್ಬಿನ ದುಡ್ಡು. ಅವನು ಕುಟುಂಬ ಸಮೇತ ಸಿನಿಮಾಕ್ಕೆ ಹೋಗಬೇಕೆಂದರೆ ಎರಡು ಕ್ವಿಂಟಲ್ ಮಾರಬೇಕು. ಚೀಲ ಹೊತ್ತು ಹೋದರೆ ಬಾಗಿಲಲ್ಲಿ ಹೊರಗಿನ ಆಹಾರ ಎಂದು ತಡೆಯುತ್ತಾರೆ.

ನಮ್ಮ ಭಾವನಿಗೆ ಇಷ್ಟು ದೂರದ ಯೋಚನೆ ಬರುವುದಿಲ್ಲ. ಮೂರು ಸಾವಿರದ ಚಿಲ್ಲರೆ ಕೊಟ್ಟು ನೋಡಿದ ಆ ಧೂಳು-ಗಡ್ಡದ ಸಿನಿಮಾವನ್ನು ಅವರು ಆಫೀಸಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ, ಕೊನೆಗೆ ನಮ್ಮ ಚಿಕ್ಕಪ್ಪನ ಶ್ರಾದ್ಧದ ದಿನವೂ "ಮಿಸ್ ಮಾಡ್ಕೋಬೇಡಿ" ಎಂದು ಶಿಫಾರಸು ಮಾಡಿದರು. ಕೆಲವೇ ವಾರಗಳಲ್ಲಿ ಅದು ಓಟಿಟಿಗೆ ಬಂತು. ಅಕ್ಕನ ಮನೆಗೆ ಹೋಗಿದ್ದೆ. ಬಾಣಲೆಯಲ್ಲಿ ಮನೆಯದೇ ಪಾಪ್‌ಕಾರ್ನ್ ಅರಳಿತ್ತು, ಉಪ್ಪು-ಅರಿಶಿನ, ತೆರಿಗೆ ಇಲ್ಲ. ಟಿವಿ ಹಾಕಿದರು. ಇಪ್ಪತ್ತು ನಿಮಿಷ ಆಗಿರಬಹುದು.

"ಏನೇ ಇದು, ಬರೀ ಕತ್ತಲೆ, ಬರೀ ಕಿರುಚಾಟ" ಎಂದರು ಭಾವ. "ಯಾವನು ತೆಗೆದಿದ್ದು ಈ ದರಿದ್ರಾನ? ಆಫ್ ಮಾಡು, ಕರೆಂಟ್ ದಂಡ."

"ರೀ, ಅವತ್ತು ಮಾಲಲ್ಲಿ ನೋಡಿ ಬಂದ್ವಲ್ಲ, ಅದೇ ಕಣ್ರೀ" ಎಂದಳು ಅಕ್ಕ.

ಭಾವ ರಿಮೋಟ್ ಕೈಯಲ್ಲಿ ಹಿಡಿದು ಪರದೆಯನ್ನು ಇನ್ನೊಮ್ಮೆ ದಿಟ್ಟಿಸಿದರು.

"ಹೌದಾ? ಅಲ್ಲಿ ಸೀಟು ಚೆನ್ನಾಗಿತ್ತು ಕಣೇ, ಇಂಟರ್ವಲ್‌ವರೆಗೂ ಒಳ್ಳೇ ನಿದ್ದೆ ಬಂದಿತ್ತು."