ಯಾವ ಪಕ್ಷದ ಮನೆ ಸಾರ್ ನಿಮ್ದು?

ಮನೆಗೆ ಹೊರಗಡೆ ಬಣ್ಣ ಹೊಡೆಸಿ ಎಂಟು ವರ್ಷ ಆಗಿತ್ತು. ಮಳೆನೀರು ಇಳಿದ ಕಡೆಯೆಲ್ಲ ಕರಿ ಗೆರೆ, ಸಜ್ಜಾ ಕೆಳಗೆ ಪಾಚಿ. ದೀಪಾವಳಿ ಹೊತ್ತಿಗೆ ಮುಗಿಸಿಬಿಡೋಣ ಅಂತ ಪೇಂಟ್ ಮೇಸ್ತ್ರಿನ ಕರೆಸಿದೆ. ತಲೆದಿಂಬಿನಷ್ಟು ದಪ್ಪದ ಶೇಡ್ ಕಾರ್ಡ್ ತಂದು ನನ್ನ ತೊಡೆ ಮೇಲಿಟ್ಟರು. ನಮ್ಮಜ್ಜನಿಗೆ ಗೊತ್ತಿದ್ದದ್ದು ಎರಡೇ, ಸುಣ್ಣ ಮತ್ತು ಕೆಮ್ಮಣ್ಣು. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿದರೆ ಅದೇ ಶೋಕಿ. ಇದರಲ್ಲಿ ಬರೀ ಬಿಳಿಯೇ ಎರಡು ಪುಟ.

ನಾನು ಹೋಳಿಗೆ ಹೂರಣದಂಥ ಒಂದು ಹಳದಿ ತೋರಿಸಿ, ಕಿಟಕಿ ಸುತ್ತ ಕೆಂಪು ಪಟ್ಟಿ ಎಳೆಯೋಣವೇ ಅಂದೆ.

"ಎಳೀಬಹುದು ಸಾರ್. ಆದ್ರೆ ನವೆಂಬರ್ ಒಂದಕ್ಕೆ ಸಂಘದವರು ಸೀದಾ ಇಲ್ಲಿಗೇ ಬರ್ತಾರೆ, ಆರ್ಕೆಸ್ಟ್ರಾ ಚಂದಾನೂ ನೀವೇ ಕೊಡ್ಬೇಕಾಗುತ್ತೆ."

ಸರಿ, ಕಿತ್ತಳೆ? ಕಾಂಪೌಂಡ್ ಆಚೆಯಿಂದ ಪಕ್ಕದ ಮನೆ ಅಂಕಲ್ ದನಿ ಬಂತು. "ಓಹೋ, ಈಗ ಗೊತ್ತಾಯ್ತು ಬಿಡಿ." ಹಸಿರು ಅಂದೆ. ಹಸಿರಿಗೆ ಅವರ ಹತ್ತಿರ ಮೂರು ಅರ್ಥ ಇದ್ದವು. ತೆನೆ ಹೊತ್ತ ಮಹಿಳೆ, ರೈತರ ಶಾಲು. ಮೂರನೆಯದನ್ನು ದನಿ ತಗ್ಗಿಸಿ ಹೇಳಿದರು. ನೀಲಿ ಅಂದಾಗ ಏನೂ ಹೇಳಲಿಲ್ಲ, ಸುಮ್ನೆ ಕಣ್ಣು ಕಿರಿದು ಮಾಡಿದರು.

ಅಂಕಲ್‌ಗೆ ತಲೆ ಕೆಟ್ಟಿದೆ ಅಂತ ನಗಬೇಡಿ. 2022ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ 'ವಿವೇಕ' ಯೋಜನೆಯ ಶಾಲಾ ಕೊಠಡಿಗಳಿಗೆ ಕೇಸರಿ ಬಣ್ಣ ಅಂತ ಹೊರಟಾಗ ದೊಡ್ಡ ಜಗಳವೇ ಆಯಿತು, ಶಿಕ್ಷಣ ಸಚಿವರು ಇದು ಆರ್ಕಿಟೆಕ್ಟ್ ಹೇಳಿದ ಬಣ್ಣ ಅಂದರು. ಅದೇ ತಿಂಗಳು ಮೈಸೂರಿನ ಊಟಿ ರಸ್ತೆಯ ಬಸ್ ತಂಗುದಾಣದ ಮೇಲಿದ್ದ ಚಿನ್ನದ ಬಣ್ಣದ ಗುಮ್ಮಟಗಳು ಮಸೀದಿ ಥರ ಕಾಣುತ್ತವೆ ಅಂತ ಗಲಾಟೆ. ಕೊನೆಗೆ ಚಿಕ್ಕವೆರಡು ಮಾಯ, ಉಳಿದ ದೊಡ್ಡದಕ್ಕೆ ಕೆಂಪು. ಇಷ್ಟೆಲ್ಲ ನಡೆದದ್ದು ಮಳೆ ಬಂದರೆ ನಾಲ್ಕು ಜನ ನಿಲ್ಲೋ ಜಾಗದ ತಲೆ ಮೇಲೆ!

ಆದರೆ ಈ ವಿದ್ಯೆಯಲ್ಲಿ ಆಂಧ್ರದವರ ಮುಂದೆ ನಾವು ಇನ್ನೂ ಬಾಲವಾಡಿ. ಅಲ್ಲಿ ಪಂಚಾಯಿತಿ ಕಚೇರಿಗಳಿಗೆ ಆಗಿನ ಆಡಳಿತ ಪಕ್ಷದ ಬಾವುಟದ ಬಣ್ಣವನ್ನೇ ಬಳಿದಿದ್ದರು. ತೆಗೆಯಿರಿ ಅಂತ ಹೈಕೋರ್ಟ್ ಹೇಳಿತು. ಸರ್ಕಾರ ಏನು ಮಾಡಿತು ಗೊತ್ತಾ? ಇದ್ದ ಬಣ್ಣಗಳ ಜೊತೆಗೆ ಕೆಮ್ಮಣ್ಣಿನ ಬಣ್ಣ ಒಂದನ್ನು ಸೇರಿಸಿ, ಹಸಿರು ಅಂದರೆ ಬೇಸಾಯ, ನೀಲಿ ಅಂದರೆ ನೀರು, ಬಿಳಿ ಅಂದರೆ ಹಾಲು, ಇದು ನೆಲದ ಮಣ್ಣು ಅಂತ ಹೊಸ ಆದೇಶ ಹೊರಡಿಸಿತು. ಬಾವುಟ ಹೋಗಿ ಭತ್ತದ ಗದ್ದೆ ಆಯ್ತು ನೋಡಿ! 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಬಳಿಯೋ ಖರ್ಚು, ಕೆರೆಯೋ ಖರ್ಚು ಎರಡೂ ಜನರದ್ದೇ, ಅಲ್ವಾ. ಕೋಲ್ಕತ್ತಾದಲ್ಲಂತೂ 2014ರಲ್ಲಿ ಮನೆಗೆ ನೀಲಿ-ಬಿಳಿ ಹೊಡೆಸಿದರೆ ಒಂದು ವರ್ಷದ ತೆರಿಗೆ ಮಾಫಿ ಅಂತ ಪಾಲಿಕೆ ಹೇಳಿತ್ತು. ಇಲ್ಲೂ ಅಂಥದ್ದು ಬಂದರೆ ನಮ್ಮ ಬೀದಿಯವರು ಐದು ವರ್ಷಕ್ಕೊಮ್ಮೆ, ಸರ್ಕಾರ ಬಿದ್ದರೆ ನಡುವೆ ಇನ್ನೊಮ್ಮೆ, ಏಣಿ ಹತ್ತಬೇಕಾಗುತ್ತೆ.

ಮೇಸ್ತ್ರಿ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಕಾರ್ಡಲ್ಲಿ ಒಂಥರಾ ಕಾಣುತ್ತೆ, ಬಿಸಿಲಿಗೆ ಗೋಡೆ ಮೇಲೆ ಇನ್ನೊಂಥರಾ. ಸ್ಯಾಂಪಲ್ ಹಾಕ್ತೀನಿ, ನಾಲ್ಕು ದಿನ ನೋಡಿ ಹೇಳಿ" ಅಂತ ಗೇಟಿನ ಪಕ್ಕದ ಗೋಡೆಗೆ ಒಂದೊಂದು ಅಡಿಯ ಐದು ಚೌಕ ಬಳಿದು ಹೋದರು.

ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಚೌಕಗಳು ಹಾಗೇ ಇವೆ. ಪಾರ್ಸೆಲ್ ಹುಡುಗರು ಫೋನ್ ಮಾಡಿ "ಚೌಕಾಬಾರ ಮನೆ ತಾನೇ ಸಾರ್?" ಅಂತಾರೆ. ಹೊಸ ವರ್ಷಕ್ಕೆ ಮೂರು ಪಕ್ಷದ ಹುಡುಗರೂ ಗೇಟಿಗೆ ಬಂದಿದ್ದರು. ಒಬ್ಬೊಬ್ಬರೂ ತಮ್ಮ ಚೌಕವನ್ನಷ್ಟೇ ನೋಡಿ, "ನೀವು ನಮ್ಮವರೇ ಬಿಡಿ ಸಾರ್" ಅಂದು ಒಂದೊಂದು ಕ್ಯಾಲೆಂಡರ್ ಕೊಟ್ಟು ಹೋದರು. ಹಾಲ್‌ನಲ್ಲಿ ಇರೋದು ಒಂದೇ ಮೊಳೆ.