ಡ್ರೇನ್ ಬೋಲ್ಟ್ ಕೇಳೋದು ಬಲವನ್ನಲ್ಲ, ಹೊಸ ವಾಶರ್

ಎಂಜಿನ್ ಆಯಿಲ್ ಬದಲಿಸಿದ ಮಾರನೇ ದಿನ ಕಾರಿನ ಕೆಳಗೆ ಎರಡು ಹನಿ ಕಂಡರೆ ಸಾಕು, ಪಾನಾ ಹಿಡಿದು ಹಳೆ ಎಣ್ಣೆ ಇಳಿಸುವ ತೂತು ಮುಚ್ಚುವ ಡ್ರೇನ್ ಬೋಲ್ಟನ್ನು ಇನ್ನೊಂದು ಕಾಲು ಸುತ್ತು ಬಿಗಿ ಮಾಡುತ್ತಾರೆ. ಮುಂದಿನ ಸರ್ವಿಸ್‌ನಲ್ಲಿ ಮತ್ತೊಬ್ಬರು ಮತ್ತೆ ಕಾಲು ಸುತ್ತು. ಥ್ರೆಡ್ (ಬೋಲ್ಟ್ ಕಚ್ಚಿಕೊಳ್ಳುವ ಸುರುಳಿ ಗೆರೆ) ಹಾಳಾಗೋದು ಹೀಗೆ, ಕಂತಿನಲ್ಲಿ. ಕೊನೆಗೆ ಯಾರ ಕೈಯಲ್ಲಿ ಬೋಲ್ಟ್ ಫ್ರೀ ಆಗಿ ಸುತ್ತುತ್ತೋ ಅವರ ತಲೆಗೆ ತಪ್ಪು.

ಅಸಲಿಗೆ ಆ ಬೋಲ್ಟ್ ತಡೆಹಿಡಿಯಬೇಕಾದ್ದು ಏನನ್ನು? ಆಯಿಲ್ ಪ್ರೆಶರ್ ಇರೋದು ಪಂಪ್ ದಾಟಿದ ಮೇಲೆ, ಎಂಜಿನ್ನಿನ ಒಳದಾರಿಗಳಲ್ಲಿ. ಎಂಜಿನ್ ತಳದ ಬೋಗುಣಿಯಲ್ಲಿ, ಅಂದರೆ ಚೇಂಬರ್‌ನಲ್ಲಿ, ಎಣ್ಣೆ ಬಿಂದಿಗೆಯ ನೀರಿನ ಹಾಗೆ ಸುಮ್ಮನೆ ನಿಂತಿರುತ್ತದೆ. ಮೂರು ನಾಲ್ಕು ಲೀಟರ್ ಭಾರ, ಅಷ್ಟೇ. ಅದು ಸೋರದಂತೆ ನೋಡಿಕೊಳ್ಳೋದು ಥ್ರೆಡ್ ಅಲ್ಲ, ಬೋಲ್ಟ್ ತಲೆಯ ಕೆಳಗಿರುವ ತಾಮ್ರದ ಅಥವಾ ಅಲ್ಯೂಮಿನಿಯಂ ವಾಶರ್. ಹೊಸದು ಮೆತ್ತಗಿರುತ್ತದೆ, ಬಿಗಿ ಮಾಡುವಾಗ ಚಪ್ಪಟೆಯಾಗಿ, ಕೂರುವ ಜಾಗದ ಸಣ್ಣ ಗೀರುಗಳನ್ನು ತುಂಬಿಕೊಳ್ಳುತ್ತದೆ. ಒಮ್ಮೆ ಚಪ್ಪಟೆಯಾದದ್ದು ಗಟ್ಟಿಯಾಗಿಬಿಡುತ್ತದೆ, ಎರಡನೇ ಸಲ ಅಷ್ಟು ಚೆನ್ನಾಗಿ ತುಂಬೋದಿಲ್ಲ. ಆ ಕೊರತೆಯನ್ನು ತೋಳಿನ ಬಲದಲ್ಲಿ ತುಂಬಿಸಲು ಹೋಗ್ತೀವಿ. ಬೋಲ್ಟ್ ಉಕ್ಕಿನದು, ಚೇಂಬರ್ ಎಷ್ಟೋ ಕಾರುಗಳಲ್ಲಿ ಅಲ್ಯೂಮಿನಿಯಂನದು. ಯಾರು ಸೋಲ್ತಾರೆ ಅಂತ ಹೇಳಬೇಕಿಲ್ಲ.

ಲೆಕ್ಕ ನೋಡಿ. ಬಹಳಷ್ಟು ಕಾರುಗಳಲ್ಲಿ ಈ ಬೋಲ್ಟ್ ಎಂ14 (14 ಮಿಲಿಮೀಟರ್ ದಪ್ಪ), 1.5 ಪಿಚ್ (ಥ್ರೆಡ್‌ನ ಒಂದು ಗೆರೆಯಿಂದ ಇನ್ನೊಂದಕ್ಕೆ 1.5 ಮಿಲಿಮೀಟರ್), ಇಲ್ಲವೇ ಎಂ12, 1.25 ಪಿಚ್. ಟಾರ್ಕ್, ಅಂದರೆ ತಿರುಗಿಸುವ ಬಲ, ಸಾಮಾನ್ಯವಾಗಿ 25ರಿಂದ 40 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಕಾರಿನ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. 25 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ 16 ಕೆಜಿಯಷ್ಟು ಬಲ ಬಿದ್ದರೆ 40 ಆಯಿತು. ಅರ್ಧ ಮೀಟರ್ ಹಿಡಿಗೆ 40 ಕೆಜಿ ಭಾರ ಬಿಟ್ಟರೆ ಹತ್ತಿರ ಹತ್ತಿರ 200! ಇನ್ನು ಏರ್ ಗನ್ ಹಾಕಿ ಡ್ರೇನ್ ಬೋಲ್ಟ್ ಬಿಗಿ ಮಾಡುವವರ ಬಗ್ಗೆ ನಾನು ಮಾತಾಡೋದೇ ಇಲ್ಲ.

ಬೋಲ್ಟ್ ಬಿಚ್ಚಿದಾಗಲೇ ಅರ್ಧ ಕಥೆ ಗೊತ್ತಾಗುತ್ತದೆ. ಒರೆಸಿ ಬೆಳಕಿಗೆ ಹಿಡಿಯಿರಿ. ಥ್ರೆಡ್‌ನ ಸಂದಿನಲ್ಲಿ ಬೆಳ್ಳಿಬಣ್ಣದ ಸಣ್ಣ ತಂತಿ ಸ್ಪ್ರಿಂಗ್ ಹಾಗೆ ಸುತ್ತಿಕೊಂಡಿದ್ದರೆ ಅದು ಕಸವಲ್ಲ, ಚೇಂಬರ್‌ನ ಥ್ರೆಡ್ಡೇ ಕಿತ್ತು ಬಂದಿರೋದು. ಬಿಚ್ಚುವಾಗ ಕೊನೆವರೆಗೂ ಪಾನಾ ಬೇಕಾಯಿತು, ಬೆರಳಲ್ಲಿ ತಿರುಗಲಿಲ್ಲ ಅಂದರೂ ಅನುಮಾನಪಡಿ.

ಹಾಕುವ ಕ್ರಮದಲ್ಲಿ ಅವಸರ ಬೇಡ. ಎಂಜಿನ್ ಬೆಚ್ಚಗಿದ್ದರೆ ಸಾಕು, ಸುಡುವಷ್ಟು ಬೇಡ. ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದು ಬೋಲ್ಟ್ ತಲೆ ಸವೆಸುತ್ತದೆ. ಹಳೆ ವಾಶರ್ ಚೇಂಬರ್‌ಗೇ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಿ. ಅದರ ಮೇಲೇ ಹೊಸದು ಕೂತರೆ ಸೋರೋ ಸಾಧ್ಯತೆ ಹೆಚ್ಚು. ಬೋಲ್ಟ್‌ನ ಎಣ್ಣೆ ಒರೆಸಿ, ಯಾಕೆಂದರೆ ಥ್ರೆಡ್ ಜಾರುತ್ತಿದ್ದರೆ ಅದೇ ಟಾರ್ಕ್‌ಗೆ ಬೋಲ್ಟ್ ಇನ್ನೂ ಜೋರಾಗಿ ಎಳೆಯುತ್ತದೆ. ಆಮೇಲೆ ಮುಖ್ಯವಾದ್ದು: ಬೋಲ್ಟನ್ನು ತೂತಿಗಿಟ್ಟು ಮೊದಲು ಉಲ್ಟಾ, ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದು ಕಡೆ 'ಟಕ್' ಅಂತ ಬೀಳುತ್ತದೆ, ಥ್ರೆಡ್‌ನ ಬಾಯಿ ಅಲ್ಲಿದೆ. ಅಲ್ಲಿಂದ ಬೆರಳಲ್ಲೇ ಪೂರ್ತಿ ಒಳಗೆ ಹೋಗಬೇಕು. ಅರ್ಧ ಸುತ್ತಿಗೇ ಬಿಗಿಯಾದರೆ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಶುರುಮಾಡಿ. ಬೇಕಾದ ಅಂಕಿಗೆ ಹೊಂದಿಸಿಟ್ಟ ಟಾರ್ಕ್ ರೆಂಚ್ ಒಂದು ಸಲ ಕ್ಲಿಕ್ ಅಂದರೆ ಮುಗಿಯಿತು. 'ಇನ್ನೊಂದು ಕ್ಲಿಕ್ ಇರಲಿ' ಅನ್ನೋ ಧಾರಾಳ ಬೇಡ.

ಫಿಲ್ಟರ್‌ದೂ ಇದೇ ಹಾಡು. ರಬ್ಬರ್ ರಿಂಗ್‌ಗೆ ಎಣ್ಣೆ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಹಳೆ ರಿಂಗ್ ಎಂಜಿನ್‌ನಲ್ಲೇ ಉಳಿದಿಲ್ಲ ತಾನೇ ಅಂತ ನೋಡಿ. ಅಲ್ಲಿ ಮಾತ್ರ ನಿಜವಾಗಿಯೂ ಪ್ರೆಶರ್ ಇದೆ.

ಈಗ ಥ್ರೆಡ್ ಹೋಗಿಯೇಬಿಟ್ಟಿದ್ದರೆ? ಟೆಫ್ಲಾನ್ ಟೇಪ್ ಸುತ್ತೋದು, ಎಂ-ಸೀಲ್ ಮೆತ್ತೋದು ರಿಪೇರಿ ಅಲ್ಲ. ಟೇಪಿನ ಚೂರು ಒಳಗೆ ಹೋದರೆ ಪಂಪಿನ ಜಾಲರಿ ಕಟ್ಟಿಕೊಳ್ಳಬಹುದು. ರಬ್ಬರ್ ಪ್ಲಗ್ ಗ್ಯಾರೇಜ್ ತಲುಪುವವರೆಗೆ ಮಾತ್ರ. ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ದಪ್ಪ ಬೋಲ್ಟ್ ಸಿಗುತ್ತದೆ, ಸುಲಭ ಕೂಡ. ಆದರೆ ಸ್ವಲ್ಪ ವಾರೆಯಾಗಿ ಹತ್ತಿದರೂ ವಾಶರ್ ಸಮವಾಗಿ ಕೂರೋದಿಲ್ಲ, ಹಾಗಾಗಿ ನನಗದು ಇಷ್ಟವಿಲ್ಲ. ತೂತು ದೊಡ್ಡದು ಮಾಡಿ ಹೊಸ ಥ್ರೆಡ್ ಕೊರೆದು, ಹೆಲಿಕಾಯಿಲ್ (ಥ್ರೆಡ್ ಆಕಾರದ ತಂತಿ ಸುರುಳಿ) ಅಥವಾ ಗಟ್ಟಿ ಬುಶ್ (ಒಳಗೂ ಹೊರಗೂ ಥ್ರೆಡ್ ಇರುವ ಲೋಹದ ಕೊಳವೆ) ಹಾಕಿಸೋದೇ ಸರಿಯಾದ ದಾರಿ. ಡ್ರೇನ್ ಬೋಲ್ಟ್ ಪದೇ ಪದೇ ಬಿಚ್ಚುವಂಥದ್ದು, ಆದ್ದರಿಂದ ನನ್ನ ಓಟು ಬುಶ್‌ಗೆ. ಎರಡರಲ್ಲೂ ಒಳಗೆ ಕೂತದ್ದು ಚೇಂಬರ್ ಮುಖದಿಂದ ಹೊರಗೆ ಒಂದು ಕೂದಲೆಳೆಯಷ್ಟೂ ಚಾಚಬಾರದು. ಚಾಚಿದರೆ ವಾಶರ್ ಅದರ ಮೇಲೆ ಕೂರುತ್ತದೆ, ಸೋರಿಕೆ ತಪ್ಪೋದಿಲ್ಲ.

ಥ್ರೆಡ್ ಕೊರೆಯುವ ಟ್ಯಾಪ್ ಹೊಡೆಯುವಾಗ ಅದರ ಉದ್ದ ಸಂದುಗಳಿಗೆ ದಪ್ಪಗೆ ಗ್ರೀಸ್ ಮೆತ್ತಿ, ಲೋಹದ ಪುಡಿ ಅದಕ್ಕೇ ಅಂಟುತ್ತದೆ. ಒಂದೆರಡು ಸುತ್ತಿಗೊಮ್ಮೆ ತೆಗೆದು ಒರೆಸಿ. ಮುಗಿದ ಮೇಲೆ ತೂತು ತೆರೆದಿಟ್ಟೇ ಮೇಲಿಂದ ಅರ್ಧ ಲೀಟರ್ ಎಣ್ಣೆ ಸುರಿದು ಹರಿಯಬಿಡಿ. ಪೂರ್ತಿ ಭರವಸೆ ಬೇಕಿದ್ದರೆ ಚೇಂಬರ್ ಇಳಿಸಿಯೇ ಮಾಡಿಸಿ.

ಚೇಂಬರ್‌ನಲ್ಲಿ ಜಾಗವಿದ್ದರೆ ನೇರವಾಗಿ ಎಂ16 ಥ್ರೆಡ್ ಹೊಡೆದು ದೊಡ್ಡ ಬೋಲ್ಟ್ ಹಾಕುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಸೈಜನ್ನು ಸರ್ವಿಸ್ ಪುಸ್ತಕದಲ್ಲಿ ದೊಡ್ಡದಾಗಿ ಬರೆದಿಡಿ. ಇಲ್ಲದಿದ್ದರೆ ಮುಂದಿನ ಸಲ ಕೆಲಸ ಮಾಡುವವರು ಕಂಪನಿ ಅಳತೆಯ ಎಂ14 ಬೋಲ್ಟ್ ತರಿಸಿಟ್ಟುಕೊಂಡು, ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಅದು ಆ ತೂತಿನಲ್ಲಿ ಗಡಗಡ ಆಡೋದನ್ನು ನೋಡುತ್ತಾ ಕೂರಬೇಕಾಗುತ್ತದೆ.